ಉಬ್ಬಸದವರ ಭಯ ನೆಪವಲ್ಲ

ನಿಮ್ಮ ಮನೆಯಲ್ಲಿ ಅಸ್ತಮಾ ಇರುವವರು ಯಾರಾದರೂ ಇದ್ದಾರೆಯೇ? ಹಾಗಾದರೆ ಇದು ನಿಮಗೆ ಪರಿಚಿತವೇ ಇರುತ್ತದೆ. ಮದುವೆಗೆ ಹೊರಡುವಾಗ ಅವರು ಎರಡೆರಡು ಬಾರಿ ಚೀಲ ತೆರೆದು ಇನ್‌ಹೇಲರ್ ಇದೆಯೇ ಎಂದು ನೋಡುತ್ತಾರೆ. ಅತ್ತರ್ ಹಚ್ಚಿಕೊಂಡವರ ಪಕ್ಕದಲ್ಲಿ ಕೂರಲು ಹಿಂಜರಿಯುತ್ತಾರೆ. ರಾತ್ರಿ ಕೆಮ್ಮು ಶುರುವಾದರೆ ಬೆಳಗಿನವರೆಗೂ ನಿದ್ರಿಸುವುದಿಲ್ಲ. ಆಗ ನಮ್ಮ ಬಾಯಿಂದ ಬರುವ ಮಾತು ಯಾವುದು? “ಇವಳದ್ದು ಅತಿಯಾಯಿತು.” “ಎಲ್ಲ ಮನಸ್ಸಿನ ಭ್ರಮೆ.” “ಅಲ್ಲಾಹನಲ್ಲಿ ಭರವಸೆ ಇರುವವರು ಹೀಗೆ ಹೆದರುತ್ತಾರೆಯೇ?”

ಈ ಮಾತುಗಳನ್ನು ನಾವು ನಿಲ್ಲಿಸಬೇಕು. ಒಮ್ಮೆ ಉಸಿರು ಸಿಗದೆ ಒದ್ದಾಡಿದವರನ್ನು ಆ ಭಯ ಮತ್ತೆ ಕಾಡುವುದು ಸಹಜ. ಅದು ಈಮಾನಿನ ಕೊರತೆಯಲ್ಲ.

ಅಸ್ತಮಾ ಇರುವವರ ಶ್ವಾಸನಾಳದ ಒಳಪದರ ಊದಿಕೊಂಡು ಸೂಕ್ಷ್ಮವಾಗಿರುತ್ತದೆ. ನಿಮಗೆ ಏನೂ ಅನಿಸದ ಹೊಗೆ, ಧೂಳು, ಘಾಟು ತಾಗಿದರೂ ಅವರ ಶ್ವಾಸನಾಳ ಬಿಗಿದುಕೊಳ್ಳುತ್ತದೆ. ಆದ್ದರಿಂದ “ನಮಗೇನೂ ಆಗಲಿಲ್ಲವಲ್ಲ” ಎಂಬ ವಾದಕ್ಕೆ ಇಲ್ಲಿ ಅರ್ಥವಿಲ್ಲ. ಆತಂಕವೂ ಇದಕ್ಕೆ ಸೇರಿಕೊಳ್ಳುತ್ತದೆ. ಹೆದರಿದಾಗ ಉಸಿರಾಟ ವೇಗವಾಗುತ್ತದೆ, ಬಾಯಿಯಿಂದ ಎಳೆದ ಒಣಗಾಳಿ ನಾಳವನ್ನು ಇನ್ನಷ್ಟು ಕೆರಳಿಸುತ್ತದೆ. ತಕ್ಷಣದ ಪರಿಹಾರಕ್ಕೆ ಬಳಸುವ ಸಾಲ್ಬುಟಮಾಲ್ ಇನ್‌ಹೇಲರ್‌ನಿಂದಲೂ ಕೈ ನಡುಗಬಹುದು, ಎದೆ ಬಡಿತ ಹೆಚ್ಚಬಹುದು. ಇದು ಔಷಧಿಯ ಪರಿಣಾಮವೆಂದು ತಿಳಿಯದವರು ಮತ್ತಷ್ಟು ಗಾಬರಿಯಾಗುತ್ತಾರೆ.

ಹಾಗಾದರೆ ಬದಲಾಗಬೇಕಾದದ್ದು ಏನು? ರೋಗಿಗಿಂತ ಮೊದಲು ಮನೆ ಬದಲಾಗಬೇಕು ಎಂಬುದು ನನ್ನ ಅಭಿಪ್ರಾಯ.

ಗುರುವಾರ ಸಂಜೆ ಲೋಬಾನದ ಹೊಗೆ ಹಾಕುವ ರೂಢಿ ನಮ್ಮ ಅನೇಕ ಮನೆಗಳಲ್ಲಿದೆ. ಅಸ್ತಮಾ ರೋಗಿ ಇರುವ ಮನೆಯಲ್ಲಿ ಅದನ್ನು ಬಿಡಿ. ಅಗರಬತ್ತಿ ಮತ್ತು ಸೊಳ್ಳೆ ಬತ್ತಿಯೂ ಬೇಡ, ಸೊಳ್ಳೆ ಪರದೆ ಕಟ್ಟಿ. ಬೀಡಿ, ಸಿಗರೇಟಿನ ಅಭ್ಯಾಸವಿರುವ ಗಂಡಸರು ಹೊರಗೆ ಹೋಗಿ ಸೇದಿದರೂ ಸಾಲದು, ಆ ವಾಸನೆ ಬಟ್ಟೆಯಲ್ಲಿ ಒಳಗೆ ಬರುತ್ತದೆ. ಮೆಣಸಿನಕಾಯಿ ಹುರಿಯುವಾಗ ಅಡುಗೆಮನೆಯ ಕಿಟಕಿ ತೆರೆದಿಡಿ, ಆ ಕೆಲಸವನ್ನು ಬೇರೊಬ್ಬರು ಮಾಡಿ.

ದಿಂಬು, ಹಾಸಿಗೆ, ಕಾರ್ಪೆಟ್‌ಗಳಲ್ಲಿ ಕಣ್ಣಿಗೆ ಕಾಣದ ಧೂಳಿನ ನುಸಿಗಳಿರುತ್ತವೆ. ಹೊದಿಕೆ, ದಿಂಬಿನ ಚೀಲಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಿರಿ. 60 ಡಿಗ್ರಿ ಬಿಸಿಯಲ್ಲಿ ನುಸಿಗಳು ಸಾಯುತ್ತವೆ. ನಮಾಝಿನ ಮುಸಲ್ಲಾವನ್ನು ಮರೆಯಬೇಡಿ, ಸುಜೂದ್‌ನಲ್ಲಿ ಮೂಗು ತಾಗುವುದು ಅಲ್ಲಿಯೇ. ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಗೋಡೆ, ಕಪಾಟಿನ ಬೂಷ್ಟನ್ನು ಆಗಾಗ ಒರೆಸಿ ತೆಗೆಯಬೇಕು.

ಇನ್ನು ರೋಗಿಗಳಾದ ನಿಮಗೆ ಒಂದೆರಡು ಮಾತು. ವೈದ್ಯರು ದಿನವೂ ತೆಗೆದುಕೊಳ್ಳಲು ಹೇಳಿದ ಇನ್‌ಹೇಲರನ್ನು “ಚಟವಾಗುತ್ತದೆ” ಎಂದು ಹೆದರಿ ಬಿಡಬೇಡಿ. ಅದು ಚಟ ಹಿಡಿಸುವ ಔಷಧಿಯಲ್ಲ. ಅದರ ಪ್ರಮಾಣ ಮೈಕ್ರೋಗ್ರಾಂಗಳಲ್ಲಿರುತ್ತದೆ, ನೇರವಾಗಿ ಶ್ವಾಸಕೋಶಕ್ಕೆ ಹೋಗುತ್ತದೆ. ಸ್ಟಿರಾಯ್ಡ್ ಇರುವ ಇನ್‌ಹೇಲರ್ ಆದರೆ ಪ್ರತಿ ಬಾರಿಯೂ ಬಾಯಿ ಮುಕ್ಕಳಿಸಿ. ತಕ್ಷಣದ ಇನ್‌ಹೇಲರೊಂದನ್ನೇ ನಂಬಿ ಕೂರುವುದು ಅಪಾಯ, ಅದು ಒಳಗಿನ ಊತವನ್ನು ಇಳಿಸುವುದಿಲ್ಲ.

ಯಾವಾಗ, ಯಾವುದರಿಂದ ಉಬ್ಬಸ ಬಂತು ಎಂದು ಪುಟ್ಟ ಪುಸ್ತಕದಲ್ಲಿ ಬರೆದಿಡಿ. ಒಂದೆರಡು ತಿಂಗಳಲ್ಲಿ ನಿಜವಾದ ಶತ್ರುಗಳು ನಾಲ್ಕೈದೇ ಎಂದು ತಿಳಿದರೆ ಉಳಿದುದರ ಭಯ ತಾನಾಗಿ ಕಡಿಮೆಯಾಗುತ್ತದೆ. ಎಲ್ಲದಕ್ಕೂ ಹೆದರಿ ಮನೆಯೊಳಗೆ ಕೂತರೆ ಆತಂಕ ಬೆಳೆಯುತ್ತದೆ. ಗಾಬರಿಯಾದಾಗ ಭುಜ ಸಡಿಲಿಸಿ ಕುಳಿತು, ಎರಡು ಎಣಿಸುವಷ್ಟು ಹೊತ್ತು ಮೂಗಿನಿಂದ ಉಸಿರೆಳೆದು, ನಾಲ್ಕು ಎಣಿಸುವಷ್ಟು ಹೊತ್ತು ತುಟಿ ಚೂಪು ಮಾಡಿ ನಿಧಾನವಾಗಿ ಬಿಡಿ. ಇದು ಔಷಧಿಗೆ ಬದಲಿಯಲ್ಲ. ಇದು ಆತಂಕವೋ ಉಬ್ಬಸವೋ ಎಂಬ ಅನುಮಾನವಿದ್ದರೆ ಉಬ್ಬಸವೆಂದೇ ತಿಳಿದು ಇನ್‌ಹೇಲರ್ ತೆಗೆದುಕೊಳ್ಳಿ. ಒಂದು ವಾಕ್ಯ ಪೂರ್ತಿ ಮಾತನಾಡಲಾಗದಿದ್ದರೆ, ತುಟಿ ನೀಲಿಯಾದರೆ, ಇನ್‌ಹೇಲರಿಗೂ ಕಡಿಮೆಯಾಗದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ರಮಝಾನ್‌ಗೆ ಕೆಲವು ವಾರ ಮೊದಲೇ ವೈದ್ಯರನ್ನು ಕಾಣಿ. ದಿನಕ್ಕೆರಡು ಬಾರಿಯ ಔಷಧಿಯನ್ನು ಸಾಮಾನ್ಯವಾಗಿ ಸಹರಿ ಮತ್ತು ಇಫ್ತಾರ್‌ಗೆ ಹೊಂದಿಸಬಹುದು. ಹಗಲು ಇನ್‌ಹೇಲರ್ ಬಳಸಿದರೆ ಉಪವಾಸ ಮುರಿಯುತ್ತದೆಯೇ ಎಂಬುದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿದೆ, ನೀವು ನಂಬುವ ಆಲಿಮರನ್ನು ಕೇಳಿ. ಆದರೆ ಉಸಿರು ಕಟ್ಟುತ್ತಿರುವಾಗ ಇಫ್ತಾರ್‌ಗಾಗಿ ಕಾಯಬೇಡಿ. ರೋಗಿಗೆ ಉಪವಾಸದಲ್ಲಿ ರಿಯಾಯಿತಿ ಕೊಟ್ಟಿರುವುದು ಅಲ್ಲಾಹನೇ. ಅದನ್ನು ಪಡೆಯಲು ನಾಚಿಕೆಯೇಕೆ?

ಮುಂದಿನ ಗುರುವಾರ ಕೆಂಡಕ್ಕೆ ಲೋಬಾನ ಹಾಕುವ ಮೊದಲು ಒಳಗಿನ ಕೋಣೆಯಲ್ಲಿರುವವರನ್ನು ಒಮ್ಮೆ ಕೇಳಿ, “ನಿನಗೆ ಇದರಿಂದ ತೊಂದರೆಯಾಗುತ್ತದೆಯೇ?” ಎಂದು. ಎಷ್ಟೋ ವರ್ಷಗಳಿಂದ ಅವರು ಆ ಪ್ರಶ್ನೆಗಾಗಿ ಕಾಯುತ್ತಿರಬಹುದು.