ಹಳ್ಳಿಯ ಮೇಲೆ ತಪ್ಪು ಹಾಕಬೇಡಿ

ವೈಜ್ಞಾನಿಕ ಧಾರಾವಾಹಿ ಹಳ್ಳಿ ಮಂದಿಗೆ ತಿಳಿಯುವುದಿಲ್ಲ, ಅದಕ್ಕೆ ಬಜೆಟ್ಟೂ ಸಾಲದು, ಹಾಗಾಗಿ ಕನ್ನಡ ಕಿರುತೆರೆಯಲ್ಲಿ ಅದಕ್ಕೆ ಭವಿಷ್ಯವಿಲ್ಲ ಎಂಬ ಲೇಖನ ಓದಿದೆ. ತಿಳಿಯದವರು ಯಾರು, ನಮ್ಮ ಹಳ್ಳಿ ಉಪ್ಪಿನಬೆಟಗೇರಿಯವರೇ? ದೂರದರ್ಶನದಲ್ಲಿ 1998ರಲ್ಲಿ ‘ಕ್ಯಾಪ್ಟನ್ ವ್ಯೋಮ್’ ಎಂಬ ವೈಜ್ಞಾನಿಕ ಧಾರಾವಾಹಿ ಬಂದಾಗ ಹಿಂದಿ ಅರೆಬರೆ ತಿಳಿದ ಹುಡುಗರೂ ಟಿ.ವಿ. ಬಿಟ್ಟು ಏಳುತ್ತಿರಲಿಲ್ಲ. ಇನ್ನು ದುಡ್ಡಿನ ಮಾತು. ಹೆಣ್ಣು ಹಾವಾಗುವ ‘ನಾಗಿಣಿ’ ಧಾರಾವಾಹಿಯ ಗ್ರಾಫಿಕ್ಸಿಗೆ ದುಡ್ಡು ಎಲ್ಲಿಂದ ಬಂತು? 2024ರ ‘ಬ್ಲಿಂಕ್’ ಸಿನಿಮಾದಲ್ಲಿ ಕಾಲಯಾನಕ್ಕೆ ದೊಡ್ಡ ಯಂತ್ರವೇ ಇಲ್ಲ. ಕಣ್ಣಿಗೆ ಹನಿ ಬಿಟ್ಟುಕೊಂಡು ರೆಪ್ಪೆ ಬಡಿಯದೆ ಇದ್ದರಾಯಿತು. ಎಂಥ ಅಗ್ಗದ ಉಪಾಯ! ಕಥೆಗೂ ಬರವಿಲ್ಲ, ರಾಜಶೇಖರ ಭೂಸನೂರಮಠರ ವೈಜ್ಞಾನಿಕ ಕಥೆಗಳ ಪುಸ್ತಕಗಳಿವೆ. ಚಾನೆಲ್‌ನವರು ಮೊದಲು ಅವನ್ನು ಓದಲಿ. ವಾರಕ್ಕೊಂದರಂತೆ ಹದಿಮೂರು ಕಂತು ಹಾಕಲಿ. ಟಿಆರ್‌ಪಿ ಬಾರದಿದ್ದರೆ ಆಮೇಲೆ ನಮ್ಮನ್ನು ಬೈಯಿರಿ.