ಹೊಳಪಿಗೂ ಮುನ್ನ ಒತ್ತಕ್ಷರ ನೋಡಿ

ಬೆಂಗಳೂರಿನ ಬಸವನಗುಡಿಯ ಹೆಸರಿನಲ್ಲಿ ಒತ್ತಕ್ಷರವಿಲ್ಲ, ಮಲ್ಲೇಶ್ವರದ ಹೆಸರಿನಲ್ಲಿ ಎರಡಿವೆ. ಲೋಗೋ ಮಾಡುವವರು ಇದನ್ನು ಗಮನಿಸಲೇಬೇಕು.

ನಮ್ಮೂರ ಸಂಘ, ಅಂಗಡಿಗಳಿಗೂ ಈಗ ಕನ್ನಡಿಯಂತೆ ಹೊಳೆಯುವ ಅಕ್ಷರವೇ ಬೇಕು. ಉಚಿತವಾಗಿ ಸಿಗುವ ಗಿಂಪ್‌ನಲ್ಲಿ ಇದು ಸುಲಭ: ಅಕ್ಷರದ ಲೇಯರ್ ನಕಲು ಮಾಡಿ, ತಲೆಕೆಳಗಾಗಿಸಿ, ಕೆಳಗಿಟ್ಟು ಮಸುಕಾಗಿಸಿದರೆ ಬಿಂಬ ಸಿದ್ಧ.

ಆದರೆ ಬಿಂಬವನ್ನು ಅಕ್ಷರದ ಬುಡಕ್ಕೇ ಅಂಟಿಸುವುದು ಇಂಗ್ಲಿಷಿನ ದೊಡ್ಡಕ್ಷರಕ್ಕೆ ಸರಿ. ಹಾಗೆ ಮಾಡಿದರೆ ‘ಬಸವನಗುಡಿ’ ಚೆನ್ನಾಗಿಯೇ ಕಾಣುತ್ತದೆ. ‘ಮಲ್ಲೇಶ್ವರ’ದ ಲ, ವ ಒತ್ತುಗಳು ಬಿಂಬದೊಳಗೆ ಕಲಸಿಹೋಗುತ್ತವೆ. ಒತ್ತು ಮುಗಿದ ಮೇಲೆ ಬಿಂಬ ಶುರುವಾಗಲಿ.

ರಸೀದಿಗೆ, ರಬ್ಬರ್ ಸ್ಟಾಂಪಿಗೆ ಹೊಳಪಿಲ್ಲದ ಪ್ರತಿಯೊಂದು ಇರಲಿ. ಫೋನಿನಲ್ಲಿ ಚಿಕ್ಕದಾಗಿಸಿ ನೋಡಿ. ಓದಲಾಗದಿದ್ದರೆ ಹೊಳಪನ್ನೇ ತೆಗೆಯಿರಿ. ಹೆಸರು ಇರುವುದು ಓದಲಿಕ್ಕೆ.