ಗೆಳೆಯರಿಬ್ಬರ ಕಾಳಗ

ಮಕ್ಕಳ ಕೈಯಲ್ಲಿ ಚಿತ್ರಕಥೆಯ ಪುಸ್ತಕವನ್ನು ಕಂಡೊಡನೆ ಕಿತ್ತಿರಿಸಿ ಗಣಿತದ ಪುಸ್ತಕವನ್ನು ನೀಡುವ ಹಿರಿಯರು ನಮ್ಮ ಮನೆಗಳಲ್ಲಿ ಅಪರೂಪವೇನಲ್ಲ. ಕಿತ್ತಿರಿಸುವ ಮುನ್ನ ತಾವೂ ನಾಲ್ಕು ಪುಟ ಓದಿದರೆ ನಷ್ಟವಾಗದು. ಕಾರ್ಕಳದಲ್ಲಿ ಜನಿಸಿದ ಅನಂತ ಪೈ ಅವರು 1967ರಲ್ಲಿ ಅಮರ ಚಿತ್ರಕಥೆಯನ್ನು ಆರಂಭಿಸಿದ್ದು ಇಂತಹ ಓದುವ ಹಂಬಲವನ್ನೇ ನೆಚ್ಚಿಕೊಂಡು.

ಪರದೇಶದ ಮಹಾವೀರರ ಕಥೆಗಳಲ್ಲಿ ಒಂದು ಸಂಪ್ರದಾಯವುಂಟು. ಇಬ್ಬರು ವೀರರು ಮೊದಲ ಬಾರಿಗೆ ಎದುರಾದರೆ ಹೊಡೆದಾಡಲೇಬೇಕು, ಅನಂತರವಷ್ಟೇ ಸ್ನೇಹ! 1976ರಲ್ಲಿ ಅಮೆರಿಕದ ಎರಡು ಪ್ರತಿಸ್ಪರ್ಧಿ ಪ್ರಕಾಶನ ಸಂಸ್ಥೆಗಳು ಜೊತೆಗೂಡಿ ಸೂಪರ್‌ಮ್ಯಾನ್ ಹಾಗೂ ಸ್ಪೈಡರ್‌ಮ್ಯಾನ್ ಇಬ್ಬರನ್ನೂ ಒಂದೇ ಸಂಚಿಕೆಗೆ ತಂದಾಗಲೂ ನಡೆದದ್ದು ಇದೇ. ಖಳರ ಕುತಂತ್ರದಿಂದ ಕಾದಾಡಿದವರು ನಿಜ ತಿಳಿದೊಡನೆ ಒಂದಾದರು.

ಇದನ್ನು ಹೊಸದೆಂದು ನಮ್ಮ ಕರಾವಳಿಯವರು ಒಪ್ಪಲಾರರು. ಹೊನ್ನಾವರ ತಾಲ್ಲೂಕಿನ ಅಪ್ಸರಕೊಂಡದಲ್ಲಿ ಜಲಪಾತದ ಬಳಿಯ ಗುಹೆಗಳನ್ನು ಜನರು ಪಾಂಡವರ ಹೆಸರಿನಿಂದಲೇ ಕರೆಯುತ್ತಾರೆ. ಅದೇ ತಾಲ್ಲೂಕಿನ ಗುಣವಂತೆಯು ಕೆರೆಮನೆ ಕಲಾವಿದರ ಊರು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯನ್ನು ಸ್ಥಾಪಿಸಿದರು. ಇಂತಹ ಸೀಮೆಯ ಮಕ್ಕಳಿಗೆ ಅರ್ಜುನನು ಪುಸ್ತಕದ ವೀರನಷ್ಟೇ ಅಲ್ಲ, ಕಿರೀಟ ಕಟ್ಟಿಕೊಂಡು ಕಣ್ಣೆದುರು ಕುಣಿಯುವವನು.

ಯಕ್ಷಗಾನದ 'ಕೃಷ್ಣಾರ್ಜುನ ಕಾಳಗ' ಪ್ರಸಂಗವನ್ನೇ ನೋಡಿರಿ. ಆಕಾಶಮಾರ್ಗದಲ್ಲಿ ಸಾಗುತ್ತಿದ್ದ ಗಯನೆಂಬ ಗಂಧರ್ವನು ಉಗುಳಿದ ತಾಂಬೂಲವು ಅರ್ಘ್ಯವೀಯುತ್ತಿದ್ದ ಕೃಷ್ಣನ ಬೊಗಸೆಗೆ ಬೀಳುತ್ತದೆ. (ಬಸ್ಸಿನ ಕಿಟಕಿಯಿಂದ ಉಗುಳುವ ಮಹನೀಯರು ಗಮನಿಸಬೇಕು.) ಮಕ್ಕಳು ನಗುವುದು ಇಲ್ಲಿ. ಆದರೆ ಕೃಷ್ಣನು ಅವನನ್ನು ಕೊಲ್ಲುವ ಪ್ರತಿಜ್ಞೆ ಮಾಡುತ್ತಾನೆ. ಗಯನು ಓಡಿ ಅರ್ಜುನನ ಮೊರೆಹೊಗುತ್ತಾನೆ. ಕೊಲ್ಲಬಂದವನು ಯಾರೆಂದು ಅರಿಯುವ ಮೊದಲೇ ಅರ್ಜುನನು ಅಭಯವಿತ್ತುಬಿಡುತ್ತಾನೆ.

ಅಮೆರಿಕದ ಕಥೆಗಿಂತ ಇದು ಒಂದು ಮೆಟ್ಟಿಲು ಮೇಲಿನದೆಂದು ನನ್ನ ಭಾವನೆ. ಅಲ್ಲಿ ಜಗಳಕ್ಕೆ ಕಾರಣ ತಪ್ಪು ತಿಳಿವಳಿಕೆ. ಅದು ತೊಲಗಿದರೆ ಜಗಳವೂ ತೊಲಗಿತು. ಇಲ್ಲಿ ಯಾರಿಗೂ ತಪ್ಪು ತಿಳಿವಳಿಕೆಯಿಲ್ಲ. ಆಡಿದ ಮಾತಿಗೆ ತಪ್ಪಲಾಗದು ಎನ್ನುವ ಕೃಷ್ಣನೂ ಸರಿ, ಶರಣಾಗತನನ್ನು ಬಿಟ್ಟುಕೊಡಲಾರೆನೆನ್ನುವ ಪಾರ್ಥನೂ ಸರಿ. ಭಾವ ಮೈದುನರು, ಪ್ರಾಣಮಿತ್ರರು, ಪರಸ್ಪರ ಬಾಣ ಹೂಡಿ ನಿಂತಿದ್ದಾರೆ. ನಡುವೆ ಸುಭದ್ರೆ, ಒಂದು ಕಡೆ ಅಣ್ಣ, ಇನ್ನೊಂದು ಕಡೆ ಗಂಡ. ಎರಡು ಮನೆಗಳ ನಡುವೆ ಇಂತಹ ಸ್ಥಿತಿಯನ್ನು ಅನುಭವಿಸಿದ ತಾಯಂದಿರು ನಮ್ಮ ಓದುಗರಲ್ಲಿಯೂ ಇದ್ದಾರು. ಕಡೆಗೆ ಪರಶಿವನೇ ನಡುವೆ ಬಂದು ಇಬ್ಬರನ್ನೂ ಸಂತೈಸಬೇಕಾಯಿತು.

ಇದೇ ಪ್ರಸಂಗವನ್ನು ತಾಳಮದ್ದಲೆಯಲ್ಲಿ ಕೇಳಿದರೆ ಸೊಗಸು ಇಮ್ಮಡಿಯಾಗುತ್ತದೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ, ಬಾಣಗಳೆಲ್ಲ ಮಾತಿನವು. ಒಂದು ರಾತ್ರಿ ಕೃಷ್ಣನಾಗಿ ಅರ್ಜುನನನ್ನು ಮಾತಿನಲ್ಲಿ ಕಟ್ಟಿಹಾಕಿದ ಅರ್ಥಧಾರಿಯೇ ಮತ್ತೊಂದು ರಾತ್ರಿ ಅರ್ಜುನನ ಪಕ್ಷ ವಹಿಸಿ, ಅಂದಿನ ತನ್ನ ವಾದಕ್ಕೆಲ್ಲ ಉತ್ತರ ಹೇಳುತ್ತ ಕುಳಿತಿರುವುದುಂಟು.